ಅದೊರಾರ್

ಬೆಳಿಗ್ಗೆ ಲಿಸ್ಬನ್‌ನ ಬೇಕರಿಯೊಂದರಲ್ಲಿ ಪಕ್ಕದ ಟೇಬಲ್‌ನ ಅಜ್ಜಿ ಬಿಸಿ ಪಾಸ್ತೆಲ್ ದೆ ನಾತಾ (ಮೊಟ್ಟೆಯ ಕಸ್ಟರ್ಡ್ ತುಂಬಿದ ಪುಟ್ಟ ಪೇಸ್ಟ್ರಿ) ಕಚ್ಚಿದರು. ತುಟಿಗೆ ಅಂಟಿದ ದಾಲ್ಚಿನ್ನಿ ಪುಡಿ ಒರೆಸಿಕೊಂಡು 'ಅದೊರೇಯ್!' ಅಂದರು. ತುಂಬಾ ಇಷ್ಟ ಆಯ್ತು ಅಂತ.

ಪೋರ್ಚುಗೀಸ್‌ನಲ್ಲಿ ಇದರ ಮೂಲ ಕ್ರಿಯಾಪದ 'ಅದೊರಾರ್'. ಚರ್ಚಿನಲ್ಲಿ ಇದೇ ಪದಕ್ಕೆ ಆರಾಧಿಸು ಅಂತ ಅರ್ಥ. ಕ್ಯಾಥೊಲಿಕರಲ್ಲಿ ಅದು ದೇವರಿಗೆ ಮಾತ್ರ. ಸಂತರಿಗೆ 'ವೆನೆರಾರ್', ಅಂದರೆ ಪೂಜ್ಯಭಾವದಿಂದ ಗೌರವಿಸು.

ಪದ ಬಂದಿದ್ದು ಲ್ಯಾಟಿನ್‌ನಿಂದ. 'ಆದ್' ಅಂದರೆ ಕಡೆಗೆ. 'ಒರಾರೆ' ಅಂದರೆ ಮಾತಾಡು, ಬೇಡಿಕೋ. ಆರಾಧನೆ ಅಂದರೆ ಮಂಡಿಯೂರುವುದು, ಮೇಣದಬತ್ತಿ ಹಚ್ಚುವುದು ಅಂದುಕೊಂಡಿದ್ದೆ. ಪದದ ಬೇರಿನಲ್ಲಿ ಇರುವುದು ಒಬ್ಬರ ಕಡೆ ತಿರುಗಿ ಮಾತಾಡುವುದು, ಅಷ್ಟೇ ಅಲ್ವಾ! ಎಷ್ಟು ಚೆಂದ ಅನಿಸಿತು. ಮನೆವರೆಗೂ ಸುಮ್ನೆ ಅದನ್ನೇ ಹೇಳಿಕೊಳ್ಳುತ್ತಾ ನಡೆದೆ.