ತೆಗೆದುಹಾಕಿದ ಎರಡು ಪುಟಗಳು: ಮಿಸೌರಿಯಲ್ಲಿ ಕಂಡ ಪತ್ರಿಕಾ ಪಾಠ

ನನ್ನ ಮಗಳ ಮನೆಯಿರುವುದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ. ಅಲ್ಲಿಗೆ ಬಂದ ನೆಂಟರಿಗೆಲ್ಲ ಮಿಸಿಸಿಪ್ಪಿ ದಂಡೆಯ ಉಕ್ಕಿನ ಕಮಾನನ್ನು ಮೊದಲು ತೋರಿಸುವುದು ವಾಡಿಕೆ. ಹಲವು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತ, ಮಕ್ಕಳ ಗೋಡೆ ಪತ್ರಿಕೆಯನ್ನು ನೋಡಿಕೊಂಡಿದ್ದ ನಾನು ಮಾತ್ರ ನದಿಯ ಆಚೆ ದಡದ ಆಲ್ಟನ್ ಎಂಬ ಸಣ್ಣ ಊರಿನ ಸ್ಮಶಾನಕ್ಕೆ ಕರೆದುಕೊಂಡು ಹೋಗೆಂದು ಕೇಳಿದೆ.

ಅಲ್ಲಿ ಎತ್ತರದ ಕಂಬವೊಂದರ ತುದಿಯಲ್ಲಿ ರೆಕ್ಕೆ ಬಿಚ್ಚಿದ ವಿಜಯದೇವತೆ ನಿಂತಿದ್ದಾಳೆ. ಅದು ಎಲೈಜಾ ಲವ್‌ಜಾಯ್ ಎಂಬ ಪಾದ್ರಿ ಸಂಪಾದಕನ ಸ್ಮಾರಕ. ಗುಲಾಮಗಿರಿಯ ವಿರುದ್ಧ ಬರೆದುದಕ್ಕಾಗಿ ಸೇಂಟ್ ಲೂಯಿಸ್ ಬಿಡಬೇಕಾಗಿ ಬಂದ ಈತ ಆಲ್ಟನ್‌ನಲ್ಲಿ ಪತ್ರಿಕೆ ಮುಂದುವರಿಸಿದ. ಜನ ಗುಂಪುಗೂಡಿ ಮುದ್ರಣಯಂತ್ರವನ್ನು ಒಡೆದುಹಾಕಿದಾಗಲೆಲ್ಲ ಹೊಸದನ್ನು ತರಿಸಿದ. 1837ರ ನವೆಂಬರ್ 7ರ ರಾತ್ರಿ, ಹೊಸ ಯಂತ್ರವಿದ್ದ ಉಗ್ರಾಣವನ್ನು ಕಾಯುತ್ತಿದ್ದಾಗ ಗುಂಡಿಗೆ ಬಲಿಯಾದ. ಪತ್ರಿಕಾ ಸ್ವಾತಂತ್ರ್ಯವನ್ನು ಹೆಸರಿಟ್ಟು ಕಾಪಾಡುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ಆಗ 46 ವರ್ಷ ತುಂಬುತ್ತಿತ್ತು. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ ಪತ್ರಿಕೆ ಎಂಬ ಪದವೇ ಇಲ್ಲ. ವಾಕ್ ಸ್ವಾತಂತ್ರ್ಯದೊಳಗೆ ಅದೂ ಸೇರಿದೆ ಎಂದು 1950ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅವರಲ್ಲಿ ಪದವಿತ್ತು, ಆದರೆ ಆ ಪದ ಸರ್ಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಬಂದೂಕು ಹಿಡಿದು ಬಂದ ನೆರೆಹೊರೆಯವರನ್ನಲ್ಲ.

ಮರಳುವಾಗ ನಾವು ಸೇಂಟ್ ಲೂಯಿಸ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಉತ್ತರ ಭಾಗದ ಬಡಾವಣೆಗಳನ್ನು ಹಾದುಬಂದೆವು. ಮಕ್ಕಳ ಪತ್ರಿಕೆಯ ಮೊಕದ್ದಮೆಯೊಂದರಿಂದ ಹೆಸರಾದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲ್ ಇರುವುದು ಅಲ್ಲಿಯೇ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತಿಲ್ಲ. ಅದು ರಾಜ್ಯಗಳ ಹೊಣೆ, ಮತ್ತು ದಿನನಿತ್ಯದ ಆಡಳಿತವನ್ನು ಹೆಚ್ಚಿನ ಕಡೆ ಊರಿನವರೇ ಚುನಾಯಿಸಿದ ಶಾಲಾ ಮಂಡಳಿ ನೋಡಿಕೊಳ್ಳುತ್ತದೆ, ಖರ್ಚಿನ ದೊಡ್ಡ ಪಾಲು ಮನೆ ಜಮೀನುಗಳ ತೆರಿಗೆಯಿಂದ ಬರುತ್ತದೆ. ಹೀಗಾಗಿ ಸಾರ್ವಜನಿಕ ಶಾಲೆಯ ಪ್ರಿನ್ಸಿಪಾಲರು ಕಾನೂನಿನ ಕಣ್ಣಿನಲ್ಲಿ ಸರ್ಕಾರವೇ, ಮೊದಲ ತಿದ್ದುಪಡಿ ಅವರಿಗೂ ಅನ್ವಯಿಸುತ್ತದೆ. ಖಾಸಗಿ ಶಾಲೆಗೆ ಅನ್ವಯಿಸುವುದಿಲ್ಲ.

1983ರಲ್ಲಿ ಹೇಜಲ್‌ವುಡ್‌ನ ಪತ್ರಿಕೋದ್ಯಮ ತರಗತಿಯ ಮಕ್ಕಳು ತಮ್ಮ 'ಸ್ಪೆಕ್ಟ್ರಮ್' ಪತ್ರಿಕೆಗೆ ವಿದ್ಯಾರ್ಥಿನಿಯರ ಗರ್ಭಧಾರಣೆಯ ಬಗ್ಗೆ ಒಂದು, ತಂದೆತಾಯಿಯರ ವಿಚ್ಛೇದನದ ಬಗ್ಗೆ ಒಂದು ಲೇಖನ ಬರೆದರು. ಹೆಸರು ಬದಲಿಸಿದ್ದರೂ ಹುಡುಗಿಯರ ಗುರುತು ಸಿಕ್ಕೀತು, ದೂರಿಗೆ ಗುರಿಯಾದ ತಂದೆಯ ಮಾತನ್ನು ಕೇಳಿಲ್ಲ, ತಿದ್ದಲು ಸಮಯವೂ ಇಲ್ಲ ಎಂದು ಪ್ರಿನ್ಸಿಪಾಲರು ಎರಡು ಪುಟಗಳನ್ನೇ ತೆಗೆಸಿದರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1969ರಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಐಯೋವಾದ ಮಕ್ಕಳ ಪರ ನಿಂತಿದ್ದ ಅಮೆರಿಕದ ಅದೇ ಸುಪ್ರೀಂ ಕೋರ್ಟು, 1988ರ ಜನವರಿಯಲ್ಲಿ 5–3ರ ಬಹುಮತದಿಂದ ಶಾಲೆಯ ಪರ ತೀರ್ಪಿತ್ತಿತು. ಮರುವರ್ಷ ಐಯೋವಾ, 1992ರಲ್ಲಿ ಕಾನ್ಸಾಸ್, ಮಿಸೌರಿಯ ಈ ಎರಡೂ ನೆರೆರಾಜ್ಯಗಳು ವಿದ್ಯಾರ್ಥಿ ಪತ್ರಿಕೆಗಳಿಗೆ ತಮ್ಮದೇ ರಕ್ಷಣಾ ಕಾನೂನು ಮಾಡಿಕೊಂಡವು.

ತೀರ್ಪು ತಪ್ಪೆಂದೇ ನನ್ನ ಭಾವನೆ. ಆದರೂ ಆ ಪ್ರಿನ್ಸಿಪಾಲರ ಅವಸರ ನನಗೆ ಅರ್ಥವಾಗುತ್ತದೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಶೌಚಾಲಯಕ್ಕೆ ನೀರಿಲ್ಲವೆಂದು ಗೋಡೆ ಪತ್ರಿಕೆಗೆ ಬರೆದಿದ್ದಳು. ಮರುದಿನ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಆ ಹಾಳೆಯ ಗುಂಡುಪಿನ್ನುಗಳನ್ನು ಕಿತ್ತವಳು ನಾನೇ. ಖಾಲಿ ಜಾಗದಲ್ಲಿ ಸುಭಾಷಿತ ಅಂಟಿಸಿದೆ. ಅವಳು ಮತ್ತೆ ಬರೆಯಲಿಲ್ಲ.

ಮೂರನೆಯ ದಿನ 70ನೆಯ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರದ ಕೊಲಂಬಿಯಾಕ್ಕೆ ಹೋದೆವು. ದಾರಿಯುದ್ದಕ್ಕೂ ಮುಸುಕಿನ ಜೋಳದ ಹೊಲಗಳು. ವಾಲ್ಟರ್ ವಿಲಿಯಮ್ಸ್ 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಪತ್ರಿಕೋದ್ಯಮ ಶಾಲೆ ಇಲ್ಲಿದೆ. ಜಗತ್ತಿನಲ್ಲಿ ಇಂಥದ್ದು ಮೊದಲನೆಯದೆಂದು ಅದರ ಹೆಮ್ಮೆ. ಪಾಠ ಆರಂಭವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಹೊರಬಂದಿತು. ಇಂದಿನ 'ಕೊಲಂಬಿಯಾ ಮಿಸೌರಿಯನ್' ಅದೇ. ಅದು ಕಾಲೇಜಿನ ವಾರ್ಷಿಕ ಸಂಚಿಕೆಯಂಥದ್ದಲ್ಲ, ಇಡೀ ಊರಿನ ಸುದ್ದಿ ಕೊಡುವ ಪತ್ರಿಕೆ. ನಗರಸಭೆ, ಪೊಲೀಸ್ ಠಾಣೆ, ಶಾಲಾ ಮಂಡಳಿ ಎಲ್ಲಕ್ಕೂ ಹೋಗುವವರು ವಿದ್ಯಾರ್ಥಿಗಳು. ತಿದ್ದುವವರು ಅನುಭವಿ ಸಂಪಾದಕರಾಗಿರುವ ಅಧ್ಯಾಪಕರು.

ಸುದ್ದಿಮನೆಯಲ್ಲಿ ಒಂದು ಮೂಲೆಯಲ್ಲಿ ನಿಂತು ನೋಡಲು ನನಗೆ ಅವಕಾಶ ಸಿಕ್ಕಿತು. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಶಾಲಾ ಬಸ್ಸುಗಳ ಬಗ್ಗೆ ಬರೆದ ವರದಿಯನ್ನು ಸಂಪಾದಕಿ ಪರದೆಯ ಮೇಲೆ ಓದುತ್ತಿದ್ದರು. ಒಂದು ಸಾಲಿನ ಬಳಿ ಬೆರಳಿಟ್ಟು, "ಇದಕ್ಕೆ ಮಂಡಳಿಯವರು ಏನೆಂದರು?" ಎಂದು ಕೇಳಿದರು. ಕೇಳಿಲ್ಲವೆಂದು ಅವಳು ಒಪ್ಪಿಕೊಂಡಳು. ಸಂಪಾದಕಿ ಆ ಸಾಲನ್ನು ಅಳಿಸಲಿಲ್ಲ. ಗಡಿಯಾರ ನೋಡಿ, "ಇನ್ನೂ ನಲವತ್ತು ನಿಮಿಷವಿದೆ" ಎಂದರು. ಹುಡುಗಿ ಟಿಪ್ಪಣಿ ಪುಸ್ತಕದ ಹೊಸ ಹಾಳೆ ತೆರೆದು, ಮೇಲ್ಭಾಗದಲ್ಲಿ ತಾರೀಖು ಬರೆದುಕೊಂಡು, ಫೋನಿನ ಗುಂಡಿಗಳನ್ನು ಒತ್ತತೊಡಗಿದಳು.