ತಾಂಜಾನಿಯಾಕ್ಕೆ ಹೋದ ಹೊಸದರಲ್ಲಿ ಏನು ಕೆಲಸ ಮಾಡಿದ್ರಿ?

ತಾಂಜಾನಿಯಾದ ಇರಿಂಗಾದಲ್ಲಿ ಸ್ವಯಂಸೇವಕಿಯಾಗಿ ಗಣಿತ ಕಲಿಸಿ ಬಂದವಳು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಹೊರಡಲು ತಯಾರಾಗುತ್ತಿರುವ ಹುಡುಗ ಹುಡುಗಿಯರಂತೂ ಇನ್ನೂ ಜಾಸ್ತಿ ಕೇಳುತ್ತಾರೆ. ನನ್ನ ಉತ್ತರ ಒಂದೇ: ಮಾತಾಡಿಸುವುದನ್ನು ಕಲಿತೆ. ಇಷ್ಟೇನಾ ಅಂತ ಮುಖ ನೋಡುತ್ತಾರೆ. ಹೌದು, ಇಷ್ಟೇ. ಅದೇ ದೊಡ್ಡ ಕೆಲಸ.

ಅಲ್ಲಿನ ಭಾಷೆ ಸ್ವಾಹಿಲಿ. ಹಿರಿಯರು ಎದುರಾದರೆ 'ಶಿಕಾಮೂ' ಅನ್ನಬೇಕು, ಅವರು 'ಮರಹಬಾ' ಅನ್ನುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬೆಳಿಗ್ಗೆ ಹೇಗಿದೆ, ಮನೆ ಕಡೆ ಹೇಗೆ, ಕೆಲಸ ಹೇಗೆ ಅಂತ 'ಹಬಾರಿ' ಒಂದಾದ ಮೇಲೊಂದು ಬರುತ್ತದೆ, ಪ್ರತಿಯೊಂದಕ್ಕೂ ನಿಂತು 'ನ್‌ಜೂರಿ', ಅಂದರೆ ಚೆನ್ನಾಗಿದೆ, ಅಂತ ಹೇಳಿ ತಿರುಗಿ ಕೇಳಬೇಕು. ಟೀಚರ್ಸ್ ರೂಮಿಗೆ ಬಂದವರು ಕೂತಿದ್ದ ಎಲ್ಲರಿಗೂ ಕೈಕೊಟ್ಟು ಮಾತಾಡಿಸಿದ ಮೇಲೇ ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಇದನ್ನೆಲ್ಲ ಬಿಟ್ಟು ನೇರವಾಗಿ ಟೈಮ್ ಟೇಬಲ್ ಕೇಳಿದರೆ ಯಾರೂ ಬಯ್ಯುವುದಿಲ್ಲ, ಆದರೆ ಒಬ್ಬರೂ ಹತ್ತಿರ ಆಗುವುದಿಲ್ಲ. ದೂರದಿಂದ ಬಂದ ನಾವು ಸ್ವಲ್ಪ ಕಾಲ ಇದ್ದು ಹೋಗುವವರು. ಆ ಮೇಷ್ಟ್ರುಗಳು ತುಂಬಿ ತುಳುಕುವ ತರಗತಿಗಳನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು. ಮೊದಲು ಅವರ ಪಕ್ಕ ಕೂತು ಚಹಾ ಕುಡಿಯಬೇಕು. ಯೋಜನೆ, ಸಲಹೆ ಎಲ್ಲ ಆಮೇಲೆ.

ಗಡಿಯಾರವನ್ನೂ ಹೊಸದಾಗಿ ಕಲಿಯಬೇಕು. 'ಸಾ ಮ್ಬಿಲಿ'ಗೆ ಬಾ ಅಂದರೆ ಎರಡನೇ ಗಂಟೆಗೆ ಬಾ ಅಂತ, ಅಂದರೆ ನಮ್ಮ ಬೆಳಿಗ್ಗೆ 8. ಅಲ್ಲಿನವರು ದಿನದ ಲೆಕ್ಕ ಶುರು ಮಾಡುವುದು ನಮ್ಮ 6 ಗಂಟೆಯಿಂದ. ಭೂಮಧ್ಯರೇಖೆ ಹತ್ತಿರ ಇರುವುದರಿಂದ ವರ್ಷವಿಡೀ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಹಾಗಾಗಿ ಅಲ್ಲಿಂದ ಎಣಿಸುವುದೇ ಸರಿ ಅಲ್ವಾ?

ಊಟದ ಚಿಂತೆ ಬೇಡ. ಉಗಾಲಿ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಆದರೆ ನಮ್ಮ ರಾಗಿ ಮುದ್ದೆ ಥರ ನುಂಗುವುದಲ್ಲ, ಅಗಿಯುವುದು. ಜೊತೆಗೆ ಹುರುಳಿಕಾಯಿ ಬೀಜದ ಸಾರು, ದಂಟಿನ ಸೊಪ್ಪು. ಚಪಾತಿಯನ್ನು ಅಲ್ಲಿಯೂ ಚಪಾತಿ ಅಂತಲೇ ಕರೆಯುತ್ತಾರೆ.

ಇನ್ನೊಂದು ವಿಷಯಕ್ಕೆ ಭಾರತದಿಂದ ಹೋಗುವವರು ತಯಾರಾಗಿರಬೇಕು. ಅಲ್ಲಿನ ಪೇಟೆಗಳಲ್ಲಿ ತಲೆಮಾರುಗಳಿಂದ ಗುಜರಾತಿ ಮನೆತನಗಳು ಅಂಗಡಿ ನಡೆಸುತ್ತಿವೆ. ಹಾಗಾಗಿ ನಮ್ಮನ್ನು ಕಂಡರೆ 'ಮ್ಹಿಂದಿ', ಅಂದರೆ ಭಾರತದವಳೇ, ನಿನ್ನ ಅಂಗಡಿ ಎಲ್ಲಿ ಅಂತ ಕೇಳುತ್ತಾರೆ. ಅಂಗಡಿ ಇಲ್ಲ, ಮ್ವಾಲಿಮು ನಾನು, ಅಂದರೆ ಟೀಚರ್, ಅಂದಾಗ ಮಾತಿನ ಧಾಟಿಯೇ ಬದಲಾಗುತ್ತದೆ. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಮೇಷ್ಟ್ರಾಗಿದ್ದವರು. ಅವರನ್ನು ಜನ ಇವತ್ತಿಗೂ ಮ್ವಾಲಿಮು ಅಂತಲೇ ಕರೆಯುತ್ತಾರೆ. ಹಾಗಾಗಿ ಆ ಹೆಸರಿಗೆ ಅಲ್ಲಿ ತುಂಬಾ ಮರ್ಯಾದೆ, ಅದಕ್ಕೆ ತಕ್ಕ ಹಾಗೆ ಇರಬೇಕು ಅಂತ ನನಗೆ ಮೊದಲ ವಾರವೇ ಅನಿಸಿತು.

ಇನ್ನು ತರಗತಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರೈಮರಿ ಪಾಠ ಸ್ವಾಹಿಲಿಯಲ್ಲಿ, ಆಮೇಲೆ ಹೈಸ್ಕೂಲು, ಅಂದರೆ ಫಾರ್ಮ್ ಒನ್‌ನಿಂದ ಎಲ್ಲವೂ ಇಂಗ್ಲಿಷಿನಲ್ಲಿ. ಶುರುವಿನಲ್ಲಿ ಪಾಠ ಮಾಡದೆ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ ತರಗತಿಗೆ ತರಗತಿಯೇ ಗಪ್‌ಚುಪ್. ಅದೇ ಪ್ರಶ್ನೆಯನ್ನು ಅಲ್ಲಿನ ಮೇಷ್ಟ್ರು ಸ್ವಾಹಿಲಿಯಲ್ಲಿ ಕೇಳಿದರೆ ಹತ್ತಾರು ಕೈ ಮೇಲೆ! ಹತ್ತನೇ ತನಕ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸಿಗೆ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಹಾಗೇ ಕೂತವಳು. ಆ ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಬಾಯಿ ಬಿಡಲು ಇಂಗ್ಲಿಷ್ ಬರುತ್ತಿರಲಿಲ್ಲ, ಇದು ನನಗೆ ಮೊದಲ ದಿನವೇ ಅರ್ಥವಾಯಿತು.

ಅದಕ್ಕೇ ಹೇಳುವುದು, ಹೊರಡುವ ಮೊದಲೇ ಊರಲ್ಲಿ ಕೂತು ಸ್ವಾಹಿಲಿ ಅಂಕಿಗಳನ್ನು ಕಲಿಯಿರಿ: ಮೋಜಾ, ಮ್ಬಿಲಿ, ತಾತು, ನ್ನೆ, ತಾನೋ. ಸ್ವಯಂಸೇವಕರಿಗೆ ಬೇಕಾದ ಕ್ಲಾಸ್ ಸಿ ವಾಸದ ಪರ್ಮಿಟ್‌ನ ಕಾಗದಪತ್ರಗಳನ್ನು ಬೇಗ ಶುರು ಮಾಡಿ. ಆಫ್ರಿಕಾ ಅಂದರೆ ಬರೀ ಬಿಸಿಲು ಅಂದುಕೊಳ್ಳಬೇಡಿ, ಇರಿಂಗಾ ಎತ್ತರದ ಊರು, ಜೂನ್ ಜುಲೈನಲ್ಲಿ ಚಳಿ ಗಟ್ಟಿಯಾಗಿಯೇ ಇರುತ್ತದೆ. ಸ್ವೆಟರ್ ಖಂಡಿತ ಬೇಕು.