ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದಿದ್ದಾಗ

ತುಮಕೂರಿನ ನಮ್ಮ ಬಡಾವಣೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ವಿಂಡೋಸ್ ಜೊತೆಯಲ್ಲೇ ಉಬುಂಟು (ಲಿನಕ್ಸ್‌ನ ಒಂದು ರೂಪ) ಹಾಕಿಕೊಡಿ ಎಂದು ತರುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಪದೇಪದೇ ಕಾಣುವ ತೊಡಕೆಂದರೆ, ಅದನ್ನು ಹಾಕುವ ತಂತ್ರಾಂಶವಾದ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದಿರುವುದು. ಡಿಸ್ಕ್ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಇಂಟೆಲ್ ಯಂತ್ರಗಳಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅಥವಾ ರೇಡ್ ಎಂಬ, ಇಂಟೆಲ್‌ನದೇ ತಂತ್ರಾಂಶದ ಮೂಲಕ ಡಿಸ್ಕನ್ನು ನಿಭಾಯಿಸುವ ವಿಧಾನದಲ್ಲಿದ್ದರೆ ಹೀಗಾಗುವುದುಂಟು. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗಳಲ್ಲಿ) ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಾಯಿಸಬಹುದು, ಆದರೆ ಅದಕ್ಕೂ ಮೊದಲು ವಿಂಡೋಸ್ ಮುಂದಿನ ಬಾರಿ ಸೇಫ್ ಮೋಡ್‌ನಲ್ಲಿ (ತೀರಾ ಅಗತ್ಯದ ಭಾಗಗಳಷ್ಟೇ ಓಡುವ ಸ್ಥಿತಿಯಲ್ಲಿ) ತೆರೆಯುವಂತೆ ಹೊಂದಿಸದಿದ್ದರೆ ಅದು ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದನ್ನು ತೆರೆಯುವ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಉಬುಂಟುಗೆ ಜಾಗ ಮಾಡಲು ವಿಂಡೋಸ್‌ನ ಪಾರ್ಟಿಷನ್ (ಡಿಸ್ಕಿನಲ್ಲಿ ಅದರ ಪಾಲು) ಕುಗ್ಗಿಸುವ ನಡುವೆ ಕರೆಂಟ್ ಹೋದರೆ ದತ್ತಾಂಶವೇ ಹಾಳಾದೀತು, ಹಾಗಾಗಿ ಬ್ಯಾಟರಿ ಸತ್ತಿರುವ ಹಳೆಯ ಲ್ಯಾಪ್‌ಟಾಪನ್ನು ಯುಪಿಎಸ್‌ಗೆ ಜೋಡಿಸದೆ ನಾನು ಮುಟ್ಟುವುದಿಲ್ಲ.

ಉಬುಂಟುವಿನಲ್ಲಿ ವೈಫೈ ನಡೆಸುವ ಡ್ರೈವರ್ ಇಲ್ಲದಿದ್ದರೆ ಫೋನಿನ ಯುಎಸ್‌ಬಿ ಟೆದರಿಂಗ್ (ಕೇಬಲ್‌ನಲ್ಲಿ ಫೋನಿನ ಇಂಟರ್ನೆಟ್ ಹಂಚಿಕೊಳ್ಳುವುದು) ಮೂಲಕ ಇಳಿಸಿಕೊಂಡರಾಯಿತು.

ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಸಮಯ 5 ಗಂಟೆ 30 ನಿಮಿಷ ಹಿಂದೆ ಬಿದ್ದಿದ್ದರೆ ಅದಕ್ಕೆ ಮದರ್‌ಬೋರ್ಡಿನ ಸೆಲ್ ಕಾರಣವಲ್ಲ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಭಾವಿಸಿದರೆ, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಎರಡರಲ್ಲಿ ಒಂದನ್ನು ಬದಲಾಯಿಸಿದರೆ ಸಾಕು. ನಾನು ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯನ್ನೇ ತಿದ್ದಿ ವಿಂಡೋಸನ್ನು ಯುಟಿಸಿಗೆ ಒಗ್ಗಿಸುತ್ತೇನೆ.